ಕಾಯುವ ಖರ್ಚು ಯಾರ ಲೆಕ್ಕಕ್ಕೆ?

ಬಿದರಿ ಕಲೆಯ ಒಂದು ಹೂಜಿ ಅಂಗಡಿಯ ಗಾಜಿನ ಹಿಂದೆ ಬಂದು ನಿಲ್ಲುವ ಮೊದಲು ಹಲವು ಕೈ ದಾಟಿರುತ್ತದೆ. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ, ಮೈ ತಾತ್ಕಾಲಿಕವಾಗಿ ಕಪ್ಪಾದ ಮೇಲೆ ಚಿತ್ತಾರ ಗೀರುತ್ತಾರೆ. ಗೀರಿದ ಗೆರೆಯನ್ನು ಉಳಿಯಿಂದ ಕೊರೆದು, ಆ ಕಚ್ಚಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿನೀರು ತಾಗಿದಾಗ ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಲೆಯ ಬಗ್ಗೆ ಬರೆಯುವವರೆಲ್ಲ ಆ ಮಣ್ಣಿನ ಮಹಿಮೆಯನ್ನು ತಪ್ಪದೇ ಹೇಳುತ್ತಾರೆ. ಬೆಳ್ಳಿಯನ್ನು ಯಾರ ದುಡ್ಡಿನಲ್ಲಿ ತಂದರು ಎಂದು ಕೇಳುವವರು ಕಡಿಮೆ. 2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿಯ ಗಡಿ ದಾಟಿ ಮೇಲಕ್ಕೆ ಹೋಯಿತು. ಕುಶಲಕರ್ಮಿ ಇವತ್ತು ಬೆಳ್ಳಿಗೆ ಹಾಕಿದ ದುಡ್ಡು ಹೂಜಿ ತಯಾರಾಗಿ, ಅಂಗಡಿ ಸೇರಿ, ಗಿರಾಕಿಯ ಕಣ್ಣಿಗೆ ಬಿದ್ದು, ಲೆಕ್ಕ ಚುಕ್ತಾ ಆಗಿ ಕೈಗೆ ವಾಪಸು ಬರುವಷ್ಟರಲ್ಲಿ ಎಷ್ಟೋ ತಿಂಗಳು ಉರುಳಿರುತ್ತವೆ. ಅಷ್ಟು ದಿನ ಮನೆಯ ರೇಷನ್ನಿಗೆ, ಮಕ್ಕಳ ಫೀಸಿಗೆ ಏನು ಮಾಡಬೇಕು? ನಾಳೆಯ ಕೆಲಸಕ್ಕೆ ಬೆಳ್ಳಿ ಎಲ್ಲಿಂದ ತರಬೇಕು?

ಕಲೆ ಮತ್ತು ಕರಕುಶಲಕ್ಕೆ ಬೆಂಬಲ ಕೊಡುವ ಸಂಸ್ಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಕಾಡೆಮಿಗಳು, ನಿಗಮಗಳು, ಸಹಕಾರ ಸಂಘಗಳು, ಟ್ರಸ್ಟುಗಳು, ಕಂಪನಿಗಳ ಸಿಎಸ್‌ಆರ್ ನಿಧಿಗಳು. ವಾರ್ಷಿಕ ವರದಿಯಲ್ಲಿ ಅವು ಎಣಿಸಿ ತೋರಿಸುವುದು ಎಷ್ಟು ಪ್ರಶಸ್ತಿ, ಎಷ್ಟು ವಸ್ತುಪ್ರದರ್ಶನ, ಎಷ್ಟು ಜನರಿಗೆ ತರಬೇತಿ ಎಂಬುದನ್ನು. ನನ್ನ ವಾದ ಇಷ್ಟೇ: ಇವೆಲ್ಲ ಎರಡನೆಯ ಸಾಲಿನ ಮಾತು. ದುಡಿಮೆಗೂ ದುಡ್ಡಿಗೂ ನಡುವೆ ಬೀಳುವ ಕಾಲವೇ ಕಲಾವಿದನನ್ನು ಹಣ್ಣುಮಾಡುವುದು. ಆ ಕಾಲದ ಖರ್ಚನ್ನು, ಅದರ ಜತೆಗಿರುವ ನಷ್ಟದ ಭಯವನ್ನು, ಯಾವ ಸಂಸ್ಥೆ ತನ್ನ ಮೇಲೆ ಹಾಕಿಕೊಳ್ಳುತ್ತದೋ ಅದರಿಂದ ಕಲೆ ಉಳಿಯುತ್ತದೆ. ಹಾಕಿಕೊಳ್ಳದ ಸಂಸ್ಥೆ ಎಷ್ಟೇ ಶಾಲು ಹೊದಿಸಿದರೂ ಕಲಾವಿದನ ಮಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ.

ಸಂಸ್ಥೆ ಇಲ್ಲದ ಕಡೆ ಈ ಭಾರವನ್ನು ಯಾರೂ ಹೊರುತ್ತಿಲ್ಲ ಎಂದಲ್ಲ. ಉತ್ತರ ಕರ್ನಾಟಕದ ನೇಕಾರ ಊರುಗಳಲ್ಲಿ ಮಾಲೀಕ ನೂಲು ಕೊಡುತ್ತಾನೆ, ನೇಕಾರ ತನ್ನ ಮನೆಯ ಮಗ್ಗದಲ್ಲಿ ನೇಯ್ದು ಸೀರೆ ಒಪ್ಪಿಸಿ ಕೂಲಿ ಪಡೆಯುತ್ತಾನೆ. ಸೀರೆ ಹಬ್ಬಕ್ಕೆ ಮಾರಾಟವಾಯಿತೋ ಕಪಾಟಿನಲ್ಲೇ ಉಳಿಯಿತೋ, ಅದು ಮಾಲೀಕನ ಪಾಡು. ಇಂಥ ಮಧ್ಯವರ್ತಿಯನ್ನು ಖಳನಾಗಿ ಚಿತ್ರಿಸುವುದು ನಮಗೆ ರೂಢಿಯಾಗಿದೆ. ಆದರೆ ಅವನನ್ನು ತೆಗೆದುಹಾಕುವ ಯೋಜನೆಗಳು ಮತ್ತೆ ಮತ್ತೆ ಸೋತಿದ್ದು ಅವನು ಮಾಡುತ್ತಿದ್ದ ಕೆಲಸವನ್ನು ಗುರುತಿಸದೇ ಹೋದದ್ದರಿಂದ. ಮದುವೆಗೆ, ಆಸ್ಪತ್ರೆಗೆ ರಾತ್ರೋರಾತ್ರಿ ಮುಂಗಡ ಕೊಡುವವನೂ ಅವನೇ. ಆ ಮುಂಗಡದಿಂದಲೇ ನೇಕಾರನನ್ನು ಕಟ್ಟಿಹಾಕುವವನೂ ಅವನೇ. ಅವನ ಜಾಗಕ್ಕೆ ಬರುವ ಸಂಸ್ಥೆ ಮೊದಲನೆಯದನ್ನು ಮಾಡಬೇಕು, ಎರಡನೆಯದನ್ನು ಬಿಡಬೇಕು. ಹೇಳುವುದು ಸುಲಭ.

ಈ ಭಾರವನ್ನು ಸಂಸ್ಥೆಯೇ ಹೊರಬೇಕೆಂಬುದನ್ನು ಸ್ವತಂತ್ರ ಭಾರತದಲ್ಲಿ ಬಹುಶಃ ಎಲ್ಲರಿಗಿಂತ ಮೊದಲೇ ಅರ್ಥಮಾಡಿಕೊಂಡವರು ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ದೇಶವಿಭಜನೆಯ ನಿರಾಶ್ರಿತರ ನಡುವೆ ಕೆಲಸ ಮಾಡಲು 1948ರಲ್ಲಿ ಅವರು ಕಟ್ಟಿದ್ದು ಇಂಡಿಯನ್ ಕೋಆಪರೇಟಿವ್ ಯೂನಿಯನ್. ದೆಹಲಿಯ ಕಾಟೇಜ್ ಎಂಪೋರಿಯಂ ಅನ್ನು ಸರ್ಕಾರದಿಂದ ವಹಿಸಿಕೊಂಡು ನಡೆಸಿದ್ದೂ ಇದೇ ಸಂಸ್ಥೆ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದರ ಅಧ್ಯಕ್ಷೆಯಾಗಿ, ಮುಂದೆ ಸುಮಾರು ಎರಡು ದಶಕ ಅವರು ಅದನ್ನು ಮುನ್ನಡೆಸಿದರು. ಅಂಗಡಿ ಮೊದಲು, ಭಾಷಣ ಆಮೇಲೆ ಎಂಬ ಅನುಕ್ರಮ ಅವರ ಕೆಲಸದಲ್ಲಿ ಕಾಣುತ್ತದೆ. ಕಲಾಪೋಷಣೆಯ ಇತಿಹಾಸದಲ್ಲಿ ಅವರ ಹೆಸರು ಭಾವುಕವಾಗಿ ಬರುವುದೇ ಹೆಚ್ಚು. ಅವರೊಬ್ಬ ಗಟ್ಟಿ ಲೆಕ್ಕಾಚಾರದ ವ್ಯವಹಾರಸ್ಥೆಯಾಗಿದ್ದರು ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ಅದೇ ಮಂಡಳಿಯನ್ನು 2020ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರದ್ದುಮಾಡಿತು. ಅಷ್ಟರಲ್ಲಿ ಅದು ಸಲಹೆ ಕೊಡುವ ಸಮಿತಿಯಷ್ಟೇ ಆಗಿ ಉಳಿದಿತ್ತು, ನಿಜ. ಆದರೂ ಆ ಜಾಗಕ್ಕೆ ಕುಶಲಕರ್ಮಿಗಳ ಮಾತು ಕೇಳಿಸುವ ಮತ್ತೊಂದು ವೇದಿಕೆ ಬರಲಿಲ್ಲ.

ಈ ವಾದಕ್ಕೆ ಅತಿ ಒಳ್ಳೆಯ ಸಾಕ್ಷಿ ಇರುವುದು ಕರಕುಶಲದಲ್ಲಲ್ಲ, ಕರಾವಳಿಯ ಯಕ್ಷಗಾನದಲ್ಲಿ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳು ಆಡುವುದು ಹರಕೆಯ ಆಟಗಳನ್ನು. ಭಕ್ತರು ಆಟಕ್ಕೆ ಹೆಸರು ಬರೆಸಿ ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಅಂದರೆ ಇಲ್ಲಿ ಕಾಯುವವನು ಪೋಷಕ, ಕಲಾವಿದನಲ್ಲ. ಟಿಕೆಟ್ ಮಾರಾಟವಾದೀತೇ ಎಂಬ ಚಿಂತೆ ಭಾಗವತರಿಗೂ ಇಲ್ಲ, ವೇಷಧಾರಿಗೂ ಇಲ್ಲ. ತಿರುಗಾಟ ಹೊರಟರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ಕೆಲಸ ಖಾತ್ರಿ. ಡೇರೆ ಹೊಡೆದು ಟಿಕೆಟ್ ಇಟ್ಟು ಆಡುತ್ತಿದ್ದ ಮೇಳಗಳು ಒಂದೊಂದಾಗಿ ಕಡಿಮೆಯಾದಾಗಲೂ ಹರಕೆಯ ಮೇಳಗಳು ಹೆಚ್ಚುತ್ತಲೇ ಹೋದದ್ದಕ್ಕೆ ಭಕ್ತಿಯಷ್ಟೇ ಈ ವ್ಯವಸ್ಥೆಯೂ ಕಾರಣ. ಇದರಲ್ಲಿ ಉಳಿಯುವ ತೂತು ಮಳೆಗಾಲ, ಕಾಯಿಲೆ ಮತ್ತು ಮುಪ್ಪು. ಉಡುಪಿಯಲ್ಲಿ 1975ರಲ್ಲಿ ಶುರುವಾದ ಯಕ್ಷಗಾನ ಕಲಾರಂಗ ಕೈಹಾಕಿದ್ದು ಆ ತೂತಿಗೇ. ಯಕ್ಷನಿಧಿಯ ಮೂಲಕ ವೃತ್ತಿ ಕಲಾವಿದರ ಕಷ್ಟಕ್ಕೆ ನೆರವು, ಮನೆ ಇಲ್ಲದವರಿಗೆ ದಾನಿಗಳನ್ನು ಹುಡುಕಿ ಮನೆ, ವಿದ್ಯಾಪೋಷಕ್ ಎಂಬ ಹೆಸರಿನಲ್ಲಿ ಬಡ ಮಕ್ಕಳ ಓದಿಗೆ ಸಹಾಯ. ಆಟವನ್ನು ಸುಧಾರಿಸುವ ಉಪದೇಶಕ್ಕಿಂತ ಆಟಗಾರನ ಮನೆಯ ಸೂರು ಮುಖ್ಯ ಎಂದು ಒಂದು ಸಂಸ್ಥೆ ತೀರ್ಮಾನಿಸಿದ್ದು ನನಗೆ ದೊಡ್ಡ ವಿವೇಕವಾಗಿ ಕಾಣುತ್ತದೆ.

ಕಲಾಶಿಕ್ಷಣಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ನಟನೆ ಕಲಿತವನಿಗೆ ಪ್ರಮಾಣಪತ್ರ ಕೈಗೆ ಬಂದ ಮರುದಿನದಿಂದಲೇ ಕಾಯುವ ಕಾಲ ಶುರು. ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಐದೇ ವರ್ಷಕ್ಕೆ, 1985ರಲ್ಲಿ, ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡವನ್ನೂ ಕಟ್ಟಿತು. ನೀನಾಸಮ್‌ನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹಳ್ಳಿಗೆ ಜಗತ್ತಿನ ಸಂಸ್ಕೃತಿಯನ್ನು ತಂದವರೆಂದು ಲೋಕ ಮೆಚ್ಚಿತು. ಮೆಚ್ಚಬೇಕಾದ ಇನ್ನೊಂದು ಸಂಗತಿ ತಿರುಗಾಟದ ವ್ಯವಸ್ಥೆಯಲ್ಲಿದೆ: ಕಲಿತು ಹೊರಬಂದವರಲ್ಲಿ ಕೆಲವರಿಗಾದರೂ ಒಂದು ಋತುವಿನ ಸಂಬಳ, ಊರೂರಿನ ಸಂಘಟಕರ ಪರಿಚಯ, ದಿನಕ್ಕೊಂದು ಹೊಸ ಪ್ರೇಕ್ಷಕ ವರ್ಗ. ಕಲಿಸುವ ಸಂಸ್ಥೆಯೇ ಕಲಿತವನ ಮೊದಲ ಉದ್ಯೋಗದಾತನಾದದ್ದರಿಂದ, ಕನ್ನಡ ನಾಡಿನ ಶಾಲೆ ಕಾಲೇಜುಗಳಲ್ಲಿ, ಊರಿನ ತಂಡಗಳಲ್ಲಿ, ಧಾರಾವಾಹಿಗಳಲ್ಲಿ ಹೆಗ್ಗೋಡಿನಲ್ಲಿ ಕಲಿತವರು ಇವತ್ತಿಗೂ ಸಿಗುತ್ತಾರೆ. ತರಬೇತಿ ಕೊಟ್ಟು ಕೈತೊಳೆದುಕೊಳ್ಳುವ ಶಿಬಿರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ನನ್ನ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ, ಗುರುತು ಸಿಕ್ಕರೆ ಸಾಕು, ಮಾರುಕಟ್ಟೆ ತಾನಾಗಿ ಬರುತ್ತದೆ ಎಂಬುದು. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿ ಎರಡು ದಶಕವೇ ಆಗುತ್ತಾ ಬಂತು. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಮೇಲೆ ಗರಿ ಹಿಡಿದರೆ ಹೊಳಪು. ಈ ವಿಧಾನಕ್ಕೆ ಕಾನೂನಿನ ರಕ್ಷಣೆ ಸಿಕ್ಕಿದ್ದು ಒಳ್ಳೆಯದೇ. ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯ ಮಾಡುವ ಆದೇಶ 2021ರ ಜನವರಿ 1ರಿಂದ ಜಾರಿಯಾದಾಗ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಕೆಯ ಆಟಿಕೆಗಳಿಗೂ ವಿನಾಯಿತಿ ದೊರೆತದ್ದು ಇಂಥ ಗುರುತಿನ ನೇರ ಪ್ರಯೋಜನ. ಆದರೆ ಗುರುತು ನಕಲಿಯನ್ನು ತಡೆಯುವ ಬೇಲಿ ಮಾತ್ರ. ಲೇತಿನ ಕರೆಂಟ್ ಬಿಲ್ಲನ್ನು ಅದು ಕಟ್ಟುವುದಿಲ್ಲ, ಹೆದ್ದಾರಿ ಬದಿಯ ಅಂಗಡಿಯಲ್ಲಿ ಸಾಲಕ್ಕೆ ಬಿಟ್ಟ ಗೊಂಬೆಯ ದುಡ್ಡನ್ನು ತಂದುಕೊಡುವುದಿಲ್ಲ.

ಸಾಲ ಕೊಡಿ ಎನ್ನುವವರು ಇದಕ್ಕಿಂತ ಹತ್ತಿರ ಬರುತ್ತಾರೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳವರಿಗೆ ಮೊದಲ ಕಂತಿನಲ್ಲಿ 1 ಲಕ್ಷ, ಎರಡನೆಯದರಲ್ಲಿ 2 ಲಕ್ಷ ರೂಪಾಯಿವರೆಗೆ ಶೇ 5ರ ಬಡ್ಡಿಗೆ ಸಾಲ ಕೊಡುತ್ತದೆ; ಉಪಕರಣಕ್ಕೆ 15,000 ರೂಪಾಯಿ ಬೇರೆ. ಮೀಟರ್ ಬಡ್ಡಿಯ ಮುಂದೆ ಇದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೂ ಸಾಲವೆಂದರೆ ಕಾಯುವ ಭಾರವನ್ನು ಕುಶಲಕರ್ಮಿಯ ಹೆಗಲ ಮೇಲೇ ಉಳಿಸಿ, ಅದರ ಬಡ್ಡಿ ಕಡಿಮೆ ಮಾಡುವುದು. ಮಾಲು ಖರ್ಚಾಗದಿದ್ದರೆ ಕಂತು ಕಟ್ಟುವವನು ಅವನೇ.

ಎರಡನೆಯ ಆಕ್ಷೇಪ ಗಂಭೀರವಾದದ್ದು: ಭಾರ ಹೊತ್ತ ಸಂಸ್ಥೆಯೇ ಕುಸಿದರೆ? ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಘದ ಕತೆ ಇಲ್ಲಿ ನೆನಪಾಗಬೇಕು. ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಕಟ್ಟಿದ ಈ ಮಹಿಳಾ ಸಹಕಾರ ಸಂಘ ಸಹಜ ಬಣ್ಣದ ಕೈಮಗ್ಗದ ಬಟ್ಟೆ ಮಾಡಿ, ‘ದೇಸಿ’ ಅಂಗಡಿಗಳ ಮೂಲಕ ಮಾರಿ, ಹಳ್ಳಿಯ ಹೆಂಗಸರಿಗೆ ವರ್ಷವಿಡೀ ಕೆಲಸ ಕೊಟ್ಟಿತು. 2020ರಲ್ಲಿ ಲಾಕ್‌ಡೌನಿನಿಂದ ಬಟ್ಟೆ ಮಾರಾಟ ನಿಂತಿತು, ಸರ್ಕಾರದಿಂದ ಬರಬೇಕಿದ್ದ ಹಣವೂ ಬರಲಿಲ್ಲ. ಸಂಘ ತಾನು ದಿವಾಳಿಯೆಂದು ಬಹಿರಂಗವಾಗಿಯೇ ಘೋಷಿಸಿತು. ಇದರಿಂದ ಕೆಲವರು ತೆಗೆದ ತೀರ್ಮಾನ, ಇಂಥ ಸಂಸ್ಥೆಗಳು ವ್ಯಾವಹಾರಿಕವಲ್ಲ ಎಂಬುದು. ನನಗೆ ಕಾಣುವುದು ಬೇರೆ. ನೇಯುವವರ ಬದಲು ಕಾಯುವ ಕೆಲಸವನ್ನು ಸಂಘ ವರ್ಷಗಟ್ಟಲೆ ಮಾಡಿತು. ಸಂಘಕ್ಕೋಸ್ಕರ ಕಾಯುವವರು ಅದರ ಹಿಂದೆ ಯಾರೂ ಇರಲಿಲ್ಲ. ಕಾರ್ಖಾನೆಗೆ ಬ್ಯಾಂಕು ದುಡಿಯುವ ಬಂಡವಾಳ ಕೊಡುವಾಗ ಗೋದಾಮಿನ ಮಾಲನ್ನು ಆಸ್ತಿಯೆಂದು ಎಣಿಸುತ್ತದೆ. ಕೈಮಗ್ಗದ ಸಂಘದ ಗೋದಾಮು ತುಂಬಿದರೆ ಮಾತ್ರ ಅದನ್ನು ಸೋಲು ಎಂದು ಓದುತ್ತೇವೆ.

ಸಂಸ್ಥೆ ಬಂದರೆ ಕಲೆ ಜಡವಾಗುತ್ತದೆ, ಕಲಾವಿದ ಅವಲಂಬಿಯಾಗುತ್ತಾನೆ ಎಂಬ ಮಾತೂ ಇದೆ. ಸಂಡೂರಿನ ಲಂಬಾಣಿ ಹೆಂಗಸರು ಕನ್ನಡಿ, ಕವಡೆ, ಬಣ್ಣದ ದಾರದ ಕಸೂತಿ ಹಾಕುತ್ತಿದ್ದದ್ದು ತಮ್ಮದೇ ಕಾಂಚಳಿ, ಫೇಟಿಯಾಗಳಿಗೆ. 1980ರ ದಶಕದಿಂದ ಸಂಡೂರು ಕುಶಲ ಕಲಾ ಕೇಂದ್ರ ಅದೇ ಹೊಲಿಗೆಯನ್ನು ಚೀಲಕ್ಕೆ, ದಿಂಬಿನ ಕವರಿಗೆ, ಸೀರೆಗೆ ತಂದಿತು. ರೂಪ ಬದಲಾಯಿತು, ಹೊಲಿಗೆ ಉಳಿಯಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಈ ಹೆಂಗಸರು ಸೇರಿ ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ದಾಖಲೆಗಿಂತ ನನಗೆ ಮುಖ್ಯವೆನಿಸುವುದು, ಪ್ರಯೋಗ ಮಾಡುವ ಧೈರ್ಯ ಬರುವುದು ಪ್ರಯೋಗ ಕೆಟ್ಟರೂ ಕೂಲಿ ಬರುತ್ತದೆ ಎಂದಾಗ. ಸ್ವಂತ ದುಡ್ಡಿನಲ್ಲಿ ಬೆಳ್ಳಿ ತಂದವನು ಅಜ್ಜನ ಕಾಲದ ಹೂಜಿಯನ್ನೇ ಮತ್ತೆ ಮಾಡುತ್ತಾನೆ. ಅವನಿಗೆ ಬೇರೆ ದಾರಿ ಇಲ್ಲ.

ಶಾಲೆಯ ಮಕ್ಕಳಿಗೆ ಕಲೆ ಕಲಿಸುವುದು ಇವೆಲ್ಲಕ್ಕಿಂತ ದೀರ್ಘ ಅವಧಿಯ ಹೂಡಿಕೆ. ಮಾರುಕಟ್ಟೆ ಅದನ್ನು ಮುಟ್ಟುವುದೂ ಇಲ್ಲ. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾಗಿ, 1995ರಿಂದ ಅನುದಾನ ಕೊಡುತ್ತಿರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ತನ್ನ ‘ಕಲಿ-ಕಲಿಸು’ ಕಾರ್ಯಕ್ರಮದಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರಿಗೇ ನೆರವು ಕೊಟ್ಟು, ಊರಿನ ಕಲೆಯನ್ನು ಪಾಠದೊಳಗೆ ತರುವ ಕೆಲಸಕ್ಕೆ ಹಚ್ಚುತ್ತದೆ. ಇದರ ಫಲವನ್ನು ಮುಂದಿನ ಮಾರ್ಚಿನ ವರದಿಯಲ್ಲಿ ತೋರಿಸಲಾಗದು. ಇಂದು ಐದನೇ ಕ್ಲಾಸಿನಲ್ಲಿ ತೊಗಲುಗೊಂಬೆಯನ್ನು ಕೈಯಲ್ಲಿ ಹಿಡಿದು ಆಡಿಸಿದ ಹುಡುಗಿ ಇಪ್ಪತ್ತು ವರ್ಷದ ನಂತರ ಪ್ರೇಕ್ಷಕಿಯಾದಾಳು, ಗಿರಾಕಿಯಾದಾಳು, ಏನೂ ಆಗದೆಯೂ ಇದ್ದಾಳು.

ಹಾಗಾದರೆ ಇಷ್ಟೆಲ್ಲ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಒಂದು ಸಣ್ಣ ಉತ್ತರ ಸರ್ಕಾರದ ಖರೀದಿಯಲ್ಲೇ ಇದೆ. ಇಲಾಖೆಗಳು, ವಿಶ್ವವಿದ್ಯಾಲಯಗಳು, ನಿಗಮಗಳು ಸನ್ಮಾನಕ್ಕೆ ಬಿದರಿ ತಟ್ಟೆ, ಮೈಸೂರು ಪೇಟ, ಗಂಧದ ಹಾರ ಕೊಳ್ಳುವುದು ನಡೆದೇ ಇದೆ. ಸಣ್ಣ ಉದ್ದಿಮೆಗಳಿಂದ ಕೊಂಡವರು 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ, ತಡವಾದರೆ ಬಡ್ಡಿಯನ್ನೂ ವಿಧಿಸುತ್ತದೆ. ಆದರೆ ಇರುವ ಒಬ್ಬಿಬ್ಬರು ಗಿರಾಕಿಗಳ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಕಳೆದುಕೊಳ್ಳುವ ಕುಶಲಕರ್ಮಿ ಎಲ್ಲಿದ್ದಾನೆ? ಆರ್ಡರ್ ಜತೆಗೇ ಮುಂಗಡ ಕೊಟ್ಟರೆ ಈ ಜಗಳವೇ ಬರುವುದಿಲ್ಲ. ಆಡಿಟ್ ಒಪ್ಪುವುದಿಲ್ಲ ಎನ್ನುವುದು ಕಚೇರಿಗಳ ಸಿದ್ಧ ಉತ್ತರ. ಆದರೆ ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲೇ ಮುಂಗಡಕ್ಕೆ ಅವಕಾಶ ಇದೆ. ದೊಡ್ಡ ಕಾಮಗಾರಿಗಳ ಗುತ್ತಿಗೆದಾರರಿಗೆ ಯಂತ್ರ ತರಲು, ಆಳು ಸೇರಿಸಲು ಕೆಲಸಕ್ಕೆ ಮೊದಲೇ ಹಣ ಕೊಡುವುದು ಮಾಮೂಲು. ಬೆಳ್ಳಿ ಕೊಳ್ಳಬೇಕಾದವನಿಗೂ ಅದೇ ನಿಯಮ ಓದಿ ಹೇಳಲು, ಅವನ ಪರವಾಗಿ ಜಾಮೀನು ನಿಲ್ಲಲು, ನಮ್ಮ ನಿಗಮಗಳು ಮತ್ತು ಕರಕುಶಲ ಸಂಘಗಳು ಮುಂದೆ ಬರಬಹುದು. ಅದಕ್ಕೆ ಹೊಸ ಯೋಜನೆಯೂ ಬೇಡ, ಹೊಸ ಕಟ್ಟಡವೂ ಬೇಡ.