ಭಸ್ಮಕದ ಹಸಿವೂ ಗುರುವಿನ ತಡೆಯೂ

ಹಸಿವಿಲ್ಲದಿದ್ದರೂ ಅಲ್ಪ ಹೊತ್ತಿನಲ್ಲಿ ಅಪಾರ ಆಹಾರವನ್ನು ಗಬಗಬನೆ ತಿನ್ನುವುದು, ನಿಲ್ಲಿಸಬೇಕೆಂದರೂ ಕೈ ನಿಲ್ಲದಿರುವುದು, ಆಮೇಲೆ ನಾಚಿಕೆಯಿಂದ ಮುಚ್ಚಿಡುವುದು, ಇಷ್ಟೂ ವಾರಕ್ಕೊಮ್ಮೆಯಂತೆ ಮೂರು ತಿಂಗಳು ನಡೆದರೆ ಅದು ಬಿಂಜ್ ಈಟಿಂಗ್ ಡಿಸಾರ್ಡರ್, ಅಂದರೆ ಅತಿಭಕ್ಷಣ ವ್ಯಾಧಿ. 1959ರಲ್ಲೇ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ ವಿವರಿಸಿದ್ದ ಈ ತೊಂದರೆಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಪ್ರತ್ಯೇಕ ಕಾಯಿಲೆಯೆಂದು ಒಪ್ಪಿದ್ದು 2013ರಲ್ಲಿ.

ಕನ್ನಡ ನಾಡಿನ ನೆನಪಿನಲ್ಲಿ ಅಡಗದ ಹಸಿವಿಗೆ ಇದಕ್ಕಿಂತ ಬಹು ಹಳೆಯ ಕಥೆಯೊಂದಿದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಶಾಸನವು ಜೈನ ಮುನಿ ಸಮಂತಭದ್ರಾಚಾರ್ಯರನ್ನು ಭಸ್ಮಕವನ್ನೇ ಭಸ್ಮ ಮಾಡಿದವರೆಂದು ಹೊಗಳುತ್ತದೆ. ಭಸ್ಮಕವೆಂದರೆ ಜಠರಾಗ್ನಿ ಮಿತಿಮೀರಿ ಉಂಡದ್ದನ್ನೆಲ್ಲ ಸುಟ್ಟು, ಕಡೆಗೆ ದೇಹದ ಧಾತುಗಳನ್ನೂ ಸುಡುವ ರೋಗವೆಂದು ಆಯುರ್ವೇದ ಹೇಳುತ್ತದೆ. ದೇವಚಂದ್ರನ 19ನೇ ಶತಮಾನದ 'ರಾಜಾವಳಿ ಕಥೆ'ಯ ಪ್ರಕಾರ ನೊಂದ ಮುನಿಯು ಸಲ್ಲೇಖನಕ್ಕೆ, ಅಂದರೆ ಆಹಾರ ತೊರೆದು ದೇಹ ಬಿಡುವ ವ್ರತಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟು, ರೋಗ ಶಮನವಾಗುವವರೆಗೆ ಹೊಟ್ಟೆತುಂಬ ಉಣ್ಣಲು ಹೇಳಿದರು. ಅರಸನೊಬ್ಬನ ಶಿವಾಲಯದ ನೈವೇದ್ಯವನ್ನು ಬಾಗಿಲು ಮುಚ್ಚಿಕೊಂಡು ಮೊದಲ ದಿನ ಪೂರ್ತಿ ಉಂಡ ಸಮಂತಭದ್ರರು ದಿನದಿನಕ್ಕೆ ಹೆಚ್ಚು ಅನ್ನ ಉಳಿಸತೊಡಗಿದ್ದರಿಂದಲೇ ಅರಸನಿಗೆ ಅನುಮಾನ ಬಂತು. ಉಪವಾಸವನ್ನು ಪರಮತಪಸ್ಸೆಂದು ಎಣಿಸುವ ಪರಂಪರೆಯೇ ಇಲ್ಲಿ ಉಪವಾಸವನ್ನು ತಡೆಯಿತೆಂಬುದು ಈ ಕಥೆಯ ನಿಜವಾದ ಬೆರಗು.

ಭಸ್ಮಕವೂ ಅತಿಭಕ್ಷಣವೂ ಒಂದೇ ಅಲ್ಲ, ಏಕೆಂದರೆ ಎರಡನೆಯದರಲ್ಲಿ ಹಸಿವಿಗಿಂತ ದುಃಖ, ಬೇಸರ, ಒಂಟಿತನಗಳೇ ಹಲವೊಮ್ಮೆ ಕೈಯನ್ನು ತಟ್ಟೆಯತ್ತ ಎಳೆಯುತ್ತವೆ. ಆದರೂ ಗುರುವಿನ ಮಾತಿಗೆ ಇಂದಿನ ವಿಜ್ಞಾನದ ಬೆಂಬಲವಿದೆ. 1944–45ರಲ್ಲಿ ಮಿನೆಸೋಟದಲ್ಲಿ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟಾಗ ಅವರ ಮನಸ್ಸು ಅನ್ನವನ್ನೇ ಧ್ಯಾನಿಸಿತು. ನಿರ್ಬಂಧ ತೆರವಾದ ಮೇಲೆ ಕೆಲವರು ಹೊಟ್ಟೆ ಬಿರಿಯುವಂತೆ ತಿಂದರೂ ತೃಪ್ತಿ ಕಾಣಲಿಲ್ಲ.

ಆದ್ದರಿಂದ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಂತನೆ-ವರ್ತನೆ ಚಿಕಿತ್ಸೆಯು ಪಥ್ಯವನ್ನಲ್ಲ, ಹೊತ್ತುಹೊತ್ತಿಗೆ ಉಣ್ಣುವುದನ್ನು ರೂಢಿಸುತ್ತದೆ: ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ಲಘು ಆಹಾರ, ಎರಡು ಸಲದ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿರಕೂಡದು. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ, ಈಗ ಆಂಧ್ರಪ್ರದೇಶದಲ್ಲಿರುವ ಆದೋನಿ–ಆಸ್ಪರಿ ಸೀಮೆಯಂಥ ಕಡೆಯೂ ಈ ಕ್ರಮಕ್ಕೆ ದುಬಾರಿ ತಿನಿಸೇನೂ ಬೇಕಿಲ್ಲ; ಹತ್ತಿ ಬಿಡಿಸಲು ಹೋಗುವವರು ಬುತ್ತಿಯ ಜೋಳದ ರೊಟ್ಟಿ, ಬೇಳೆ, ಶೇಂಗಾಗಳನ್ನೇ ಹೊತ್ತು ತಪ್ಪಿಸದೆ ಹಂಚಿಕೊಂಡು ತಿಂದರೆ ಸಾಕು. ಏನು ತಿಂದದ್ದು, ಆಗ ಮನಸ್ಸು ಹೇಗಿತ್ತು ಎಂಬುದನ್ನು ಚಿಕಿತ್ಸೆಯ ಆರಂಭದಿಂದಲೇ ಬರೆದಿಡಬೇಕು. ಓದುಬರಹ ಬಾರದವರಿಗೆ ಮನೆಯವರೊಬ್ಬರು ಬರೆದುಕೊಡಬಹುದು, ಆದರೆ ಅವರು ಬೈಯಬಾರದು. ನಡುವೆ ಒಂದು ದಿನ ತಪ್ಪಿತೆಂದು ಮರುದಿನ ಉಪವಾಸವಿರುವುದು ಕಾಯಿಲೆಯನ್ನು ಮತ್ತೆ ಕರೆದಂತೆ. ಆಪ್ತಸಲಹೆ ಬೇಕಾದವರಿಗೆ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ ಲಭ್ಯವಿದ್ದು, ಅದು ಉತ್ತರಿಸುವ ಭಾಷೆಗಳಲ್ಲಿ ಕನ್ನಡವೂ ತೆಲುಗೂ ಸೇರಿವೆ.