ಅಲುಗಾಡಿದರೆ ತಾನೇ ಕೀಲು!

ಬಲ ಮುಂದೋಳನ್ನು ಮೇಜಿನ ಮೇಲೆ ಚಾಚಿ, ಅಂಗೈ ಮೇಲೆ ಕಾಣುವಂತೆ ಇಡಿ. ಎಡಗೈ ಬೆರಳನ್ನು ಬಲ ಮೊಣಕೈಯ ಚೂಪು ಮೂಳೆಗೆ ಒತ್ತಿಕೊಳ್ಳಿ. ಈಗ ಬಲ ಅಂಗೈಯನ್ನು ಮೆಲ್ಲಗೆ ಮಗುಚಿ. ಅಂಗೈ ಪೂರ್ತಿ ಕವುಚಿಕೊಂಡಿತು, ಆದರೆ ಬೆರಳಡಿಯ ಮೂಳೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ! ಹಾಗಾದರೆ ತಿರುಗಿದ್ದು ಯಾವುದು?

ಮುಂದೋಳಿನಲ್ಲಿ ಎರಡು ಮೂಳೆಗಳಿವೆ. ಕಿರುಬೆರಳಿನ ಕಡೆಯದು ಅಲ್ನಾ, ಹೆಬ್ಬೆರಳಿನ ಕಡೆಯದು ರೇಡಿಯಸ್. ಅಂಗೈ ಮೇಲಾಗಿದ್ದಾಗ ಎರಡೂ ಅಕ್ಕಪಕ್ಕ ಮಲಗಿರುತ್ತವೆ. ಕೈ ಮಗುಚಿದಿರೋ, ರೇಡಿಯಸ್ ತನ್ನ ಜೊತೆಗಾರನ ಮೇಲೆ ಅಡ್ಡ ಹಾಯ್ದು ಕತ್ತರಿ ಹಾಕಿಬಿಡುತ್ತದೆ. ನಮ್ಮದೇ ಚರ್ಮದ ಕೆಳಗೆ, ಬೀಗ ತೆಗೆದಾಗ, ನಲ್ಲಿ ತಿರುಗಿಸಿದಾಗ, ದೋಸೆ ಮಗುಚಿದಾಗ, ಪ್ರತಿ ಸಲವೂ! ರೇಡಿಯಸ್‌ನ ಮೇಲ್ತುದಿ ದುಂಡಗಿದೆ, ಅದರ ಸುತ್ತ ಗಟ್ಟಿ ನಾರಿನದೊಂದು ಉಂಗುರ. ಆ ಉಂಗುರದೊಳಗೆ ಮೂಳೆ ನಿಂತಲ್ಲೇ ತಿರುಗುತ್ತದೆ. ಇದು ತಿರುಗಣಿ ಕೀಲು. ಪುಟ್ಟ ಮಕ್ಕಳಲ್ಲಿ ಈ ಉಂಗುರದ ಹಿಡಿತ ಇನ್ನೂ ಸಡಿಲ. ಕೈ ಹಿಡಿದು ಸರಕ್ಕನೆ ಎಳೆದರೆ ಮೂಳೆಯ ತಲೆ ಜಾರಿಬಿಡುವುದುಂಟು, ಮಗು ಕೈ ಆಡಿಸದೆ ಅಳುತ್ತದೆ. ಪಳಗಿದ ವೈದ್ಯರು ಕ್ಷಣದಲ್ಲಿ ಅದನ್ನು ಮತ್ತೆ ಕೂರಿಸುತ್ತಾರೆ. ಅದಕ್ಕೇ ಎಳೆಯ ಮಕ್ಕಳನ್ನು ಮುಂಗೈ ಹಿಡಿದು ಎತ್ತಬಾರದು, ಕಂಕುಳಡಿ ಕೈ ಹಾಕಿ ಎತ್ತಬೇಕು.

ಇಷ್ಟು ತಿಳಿದ ಮೇಲೆ ಒಂದು ಊಟವನ್ನಾದರೂ ನೆಟ್ಟಗೆ ಗಮನಿಸದೆ ಇರುವುದು ಹೇಗೆ! ಸಾರನ್ನ ಕಲಸುವಾಗ ಅಂಗೈ ಕೆಳಮುಖ. ತುತ್ತು ತುಟಿಗೆ ಬರುವಷ್ಟರಲ್ಲಿ ಮೇಲ್ಮುಖ. ಮೊಣಕೈ ಬಿಜಾಗರಿ ಕೀಲು, ಮಡಿಸಿ ಬಿಡಿಸುವುದಷ್ಟೇ ಅದರ ಕಸುಬು. ಆ ಮಡಿಕೆಯ ಜೊತೆಜೊತೆಗೇ ಮುಂದೋಳು ಮಗುಚುವುದರಿಂದ ಅನ್ನ ಚೆಲ್ಲದೆ ಬಾಯಿ ಸೇರುತ್ತದೆ. ತುತ್ತನ್ನು ಹಿಡಿದ ಹೆಬ್ಬೆರಳಿನದು ಇನ್ನೊಂದೇ ಕಥೆ. ಅದರ ಬುಡದಲ್ಲಿ, ಮಣಿಕಟ್ಟಿಗೆ ತಾಗಿದಂತೆ, ಎರಡು ಮೂಳೆಗಳ ಬಾಗಿದ ಮೈಗಳು ಅಡ್ಡಡ್ಡಲಾಗಿ ಒಂದರ ಮೇಲೊಂದು ಕೂತ ಜೀನು ಕೀಲು ಇದೆ. ಹೆಬ್ಬೆರಳು ಹಿಂದೆ ಮುಂದೆ ಹೋಗುತ್ತದೆ, ಅಂಗೈಯಿಂದ ದೂರ ಸರಿದು ಹತ್ತಿರ ಬರುತ್ತದೆ, ಜೊತೆಗೆ ಕೊಂಚ ಹೊರಳಿ ಉಳಿದ ನಾಲ್ಕು ಬೆರಳ ತುದಿಗಳಿಗೆ ಮುಖಾಮುಖಿಯಾಗುತ್ತದೆ. ಚಿಟಿಕೆ ಉಪ್ಪು, ಸೂಜಿಗೆ ಪೋಣಿಸುವ ದಾರ, ರಂಗೋಲಿಯ ಎಳೆ, ಎಲ್ಲವೂ ಈ ಒಂದು ಹೊರಳಿನ ಕೊಡುಗೆ.

ತುತ್ತು ಬಂತು, ಬಾಯಿ ತೆರೆಯಿತು. ಕಿವಿಯ ಮುಂದೆ ಎರಡೂ ಕಡೆ ಬೆರಳಿಟ್ಟು ನೋಡಿ: ದವಡೆ ಬರೀ ಕೆಳಗಿಳಿಯುವುದಿಲ್ಲ, ಮುಂದಕ್ಕೂ ಜಾರುತ್ತದೆ! ಬಾಗಿಲಿನಂತೆ ತೆರೆದುಕೊಳ್ಳುತ್ತಲೇ ಜರುಗುವ ಕೀಲು. ಎಡಬಲ ಎರಡೂ ಒಂದೇ ಮೂಳೆಗೆ ಸೇರಿದ್ದರಿಂದ ಒಂದನ್ನು ಬಿಟ್ಟು ಇನ್ನೊಂದು ಅಲುಗಲಾರದು. ಇನ್ನಷ್ಟು ಸಾರು ಬೇಕೇ ಎಂದು ಯಾರೋ ಕೇಳಿದರು ಎನ್ನಿ. ಹೂಂ ಎಂದು ತಲೆ ಆಡಿಸಿದರೆ ಆ ಕೆಲಸ ಮುಖ್ಯವಾಗಿ ತಲೆಬುರುಡೆ ಕತ್ತಿನ ಮೊದಲ ಮೂಳೆಯ ಮೇಲೆ ಕೂತ ಜಾಗದ್ದು. ಊಹೂಂ ಎಂದರೆ ಅದರ ಒಂದು ಮೆಟ್ಟಿಲು ಕೆಳಗಿನದು. ಅಲ್ಲಿ ಎರಡನೇ ಮೂಳೆ ಮೇಲಕ್ಕೆ ಚಾಚಿದ ಗೂಟದ ಸುತ್ತ ಮೊದಲ ಮೂಳೆ ತಿರುಗುತ್ತದೆ. ಕತ್ತು ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಈ ಒಂದೇ ಕೀಲಿನದು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಸೊಂಟಕ್ಕೆ ಬನ್ನಿ. ತೊಡೆಮೂಳೆಯ ಗುಂಡು ತಲೆ ಆಳವಾದ ಗುಳಿಯೊಳಗೆ ಭದ್ರವಾಗಿ ಹುದುಗಿದೆ, ಆದ್ದರಿಂದಲೇ ಇಡೀ ಮೈಭಾರ ಹೊರುತ್ತದೆ. ಭುಜವೂ ಅದೇ ಜಾತಿಯ ಗುಂಡು-ಗುಳಿ ಕೀಲು. ಆದರೆ ಅಲ್ಲಿ ಗುಳಿ ಎಷ್ಟು ಚಿಕ್ಕದೆಂದರೆ, ಯಾವ ಹೊತ್ತಿನಲ್ಲೂ ಗುಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅದಕ್ಕೆ ತಾಗಿರುವುದಿಲ್ಲ! ಸುತ್ತ ನಾಲ್ಕು ಸ್ನಾಯುಗಳು ಎಳೆದು ಹಿಡಿಯದಿದ್ದರೆ ತೋಳು ನಿಲ್ಲದು. ಅಷ್ಟು ಸಡಿಲಬಿಟ್ಟಿದ್ದಕ್ಕೇ ಬೌಲರ್‌ನ ತೋಳು ಪೂರಾ ಸುತ್ತು ಹೊಡೆಯುತ್ತದೆ, ಅದೇ ಕಾರಣಕ್ಕೆ ದೊಡ್ಡ ಕೀಲುಗಳ ಪೈಕಿ ಹೆಚ್ಚು ಸಲ ತಪ್ಪುವುದೂ ಭುಜವೇ.

ಮಂಡಿಯನ್ನು ಶಾಲೆಯಲ್ಲಿ ಬಿಜಾಗರಿ ಕೀಲು ಎಂದು ಕಲಿಸುತ್ತಾರೆ. ಕುರ್ಚಿಯಲ್ಲಿ ಕೂತು, ಮಂಡಿ ಮಡಿಸಿ, ತೊಡೆ ಅಲುಗಿಸದೆ ಪಾದವನ್ನು ಎಡಬಲಕ್ಕೆ ತಿರುಗಿಸಿ. ಕೆಳಗಾಲು ತಿರುಗುತ್ತದೆ! ಈಗ ಎದ್ದು ನೆಟ್ಟಗೆ ನಿಂತು ಬರೀ ಮಂಡಿಯಿಂದ ತಿರುಗಿಸಲು ನೋಡಿ. ಆಗದು. ಕಾಲು ನೇರವಾಗುವ ಕೊನೆಯ ಕೆಲವು ಡಿಗ್ರಿಗಳಲ್ಲಿ ಮೂಳೆಗಳು ಒಂದರ ಮೇಲೊಂದು ಕೊಂಚ ತಿರುಚಿಕೊಂಡು ಕೀಲು ಬಿಗಿಯುತ್ತದೆ. ಬಸ್‌ಸ್ಟಾಪಿನಲ್ಲಿ ತೊಡೆಯ ಸ್ನಾಯು ದಣಿಯದೆ ನಿಲ್ಲಲಾಗುವುದು ಈ ಬಿಗಿತದ ದೆಸೆಯಿಂದ. ಹೆಜ್ಜೆ ಎತ್ತುವಾಗ ಮಂಡಿಯ ಹಿಂದಿನ ಪುಟ್ಟ ಸ್ನಾಯುವೊಂದು ಅದನ್ನು ಬಿಡಿಸುತ್ತದೆ.

ಒಳಗೆ ಇನ್ನೂ ಬೆರಗಿದೆ. ಮೂಳೆಯ ತುದಿಗಳನ್ನು ನುಣುಪಾದ ಮೃದ್ವಸ್ಥಿ ಹೊದ್ದಿದೆ, ನಡುವೆ ಅಂಟಂಟಾದ ಕೀಲುದ್ರವ. ಮಂಡಿಯಂಥ ದೊಡ್ಡ ಕೀಲಿನಲ್ಲೂ ಅದು ಒಂದು ಟೀ ಚಮಚ ತುಂಬುವುದಿಲ್ಲ. ಆದರೂ ಎರಡು ಮಂಜುಗಡ್ಡೆಗಳು ಒಂದರ ಮೇಲೊಂದು ಜಾರುವಾಗಿನ ಘರ್ಷಣೆಗಿಂತ ಇಲ್ಲಿ ಘರ್ಷಣೆ ಕಡಿಮೆ. ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಹೆಜ್ಜೆ ಊರಿದಾಗ ಅದರೊಳಗಿನ ನೀರು ಹೊರಬಂದು, ಎತ್ತಿದಾಗ ಪೋಷಕಾಂಶ ಹೊತ್ತು ಒಳಸರಿಯುತ್ತದೆ. ಅಂದರೆ ನಾವು ನಡೆದಾಡಿದರೆ ಅದಕ್ಕೆ ಊಟ!

ನೆಟಿಕೆ ಮುರಿದಾಗ ಸದ್ದು ಮಾಡುವುದೂ ಈ ದ್ರವವೇ. ಬೆರಳೆಳೆದಾಗ ಒಳಗಿನ ಒತ್ತಡ ಇಳಿದು ಅನಿಲದ ಪೊಳ್ಳು ಮೂಡುತ್ತದೆ. ಸದ್ದು ಆ ಗುಳ್ಳೆ ಒಡೆದದ್ದು ಎಂದು 1971ರಲ್ಲಿ ಇಂಗ್ಲೆಂಡಿನ ಲೀಡ್ಸ್ ಸಂಶೋಧಕರು ಹೇಳಿದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೇ ಬೆರಳೆಳೆದು, ಚಿತ್ರ ತೆಗೆದು, ಇಲ್ಲ, ಪೊಳ್ಳು ಹುಟ್ಟುವಾಗಲೇ ಸದ್ದು ಎಂದರು. 2018ರ ಒಂದು ಗಣಿತ ಮಾದರಿ ಮತ್ತೆ ಒಡೆಯುವಿಕೆಯ ಪರವಾಗಿ ನಿಂತಿತು. ಅಜ್ಜಿ ದೃಷ್ಟಿ ತೆಗೆದು ಹಣೆಗೊತ್ತಿ ಮುರಿಯುವ ನೆಟಿಕೆಯ ಬಗ್ಗೆ ವಿಜ್ಞಾನ ಇನ್ನೂ ಜಗಳ ಮುಗಿಸಿಲ್ಲ! ಇನ್ನು ನೆಟಿಕೆ ಮುರಿದರೆ ಸಂಧಿವಾತ ಬರುತ್ತದೆಂಬ ಹೆದರಿಕೆ. ಕ್ಯಾಲಿಫೋರ್ನಿಯಾದ ವೈದ್ಯ ಡೊನಾಲ್ಡ್ ಅಂಗರ್ 50 ವರ್ಷ ಎಡಗೈಯ ನೆಟಿಕೆ ಮಾತ್ರ ಮುರಿದು, ಎರಡೂ ಕೈ ಹೋಲಿಸಿ, ಯಾವುದರಲ್ಲೂ ಸಂಧಿವಾತ ಕಾಣಲಿಲ್ಲವೆಂದು 1998ರಲ್ಲಿ ಬರೆದರು. ಒಬ್ಬರ ಅನುಭವ ಎಲ್ಲರಿಗೂ ಪುರಾವೆಯಾಗದು, ಆ ತಾಳ್ಮೆಗೆ ಮಾತ್ರ ಕೈ ಮುಗಿಯಬೇಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆಚ್ಚಿಬೀಳಿಸಿದ್ದು ಕೀಲು ಹುಟ್ಟುವ ಬಗೆ. ಭ್ರೂಣದ ತೋಳಿನಲ್ಲಿ ಮೊದಲಿಗೆ ಕೀಲಿಗೆ ಎಡೆಯೇ ಇರುವುದಿಲ್ಲ, ಒಂದೇ ಸಮನೆ ಸಾಗಿದ ಎಳೆಯ ಅಂಗಾಂಶ. ಮುಂದೆ ಕೀಲು ಆಗಬೇಕಾದಲ್ಲಿ ಜೀವಕೋಶಗಳು ಬೇರೆಯಾಗಿ ಗುಂಪುಗೂಡುತ್ತವೆ, ಅಲ್ಲಿ ಸಂದು ಬಿಡುತ್ತದೆ. ಡ್ರಾಕ್‌ಮನ್ ಮತ್ತು ಸೋಕೊಲೋಫ್ ಎಂಬ ವಿಜ್ಞಾನಿಗಳು 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೊಟ್ಟೆಯೊಳಗಿನ ಕೋಳಿಭ್ರೂಣಗಳ ಸ್ನಾಯುಗಳನ್ನು ಔಷಧಿಯಿಂದ ಸ್ತಬ್ಧಗೊಳಿಸಿದರು. ಮೂಳೆಗಳು ಬೆಳೆದವು, ಸಂದು ಮಾತ್ರ ಸರಿಯಾಗಿ ಮೂಡಲಿಲ್ಲ, ತುದಿಗಳು ಅಂಟಿಕೊಂಡೇ ಉಳಿದವು. ಕೀಲು ಇದ್ದುದರಿಂದ ಮೈ ಅಲುಗುತ್ತದೆ ಎಂದುಕೊಂಡಿದ್ದೆವು, ಅಲುಗಿದ್ದರಿಂದಲೇ ಕೀಲು ಕೀಲಾಗುತ್ತದೆ!

ಮನುಷ್ಯ ಭ್ರೂಣ ಏಳೆಂಟು ವಾರಕ್ಕೇ ಮಿಸುಕತೊಡಗುತ್ತದೆ. ತಾಯಿಗೆ ಒದೆತ ತಿಳಿಯಲು ಅದಾಗಿ ಎರಡು ತಿಂಗಳಾದರೂ ಬೇಕು. ಗರ್ಭದಲ್ಲಿ ಸಾಕಷ್ಟು ಮಿಸುಕಾಡಲಾಗದ ಕೆಲವು ಮಕ್ಕಳು ಮೊಣಕೈ, ಮಂಡಿ, ಪಾದದ ಕೀಲುಗಳು ಸೆಟೆದುಕೊಂಡೇ ಹುಟ್ಟುತ್ತಾರೆ. ಅವರಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಫಿಸಿಯೋಥೆರಪಿ ಶುರುವಾಗುತ್ತದೆ: ಪ್ರತಿ ಕೀಲನ್ನೂ ಹಗುರವಾಗಿ ಹಿಡಿದು, ಬಗ್ಗಿದಷ್ಟು ಬಗ್ಗಿಸಿ, ಬಿಡಿಸಿ, ಮತ್ತೆ ಬಗ್ಗಿಸುತ್ತಾರೆ, ಮನೆಯಲ್ಲೂ ದಿನಕ್ಕೆ ಹಲವು ಸಲ ಹಾಗೆ ಮಾಡಲು ತಾಯಿತಂದೆಗೆ ಕಲಿಸಿಕೊಡುತ್ತಾರೆ.