ಹೆಸರಿನ ಜಾಗದಲ್ಲಿ ಕೋಡ್ ಬರೆದರೆ?

ಕಾಲೇಜು ಪ್ರವೇಶದ ಅರ್ಜಿಯನ್ನು ಈಗ ಹಲವೆಡೆ ವೆಬ್‌ಸೈಟ್‌ನಲ್ಲೇ ತುಂಬುತ್ತೇವೆ. ಇಂಥ ಫಾರ್ಮ್‌ಗಳನ್ನು ಕೆಲವೊಮ್ಮೆ ಪ್ಲಗಿನ್ ಎಂಬ ಸಿದ್ಧ ತಂತ್ರಾಂಶದಿಂದ ಮಾಡಿರುತ್ತಾರೆ. ಅದರಲ್ಲಿ ಯಾರಾದರೂ ಹೆಸರಿನ ಬದಲು ಜಾವಾಸ್ಕ್ರಿಪ್ಟ್ ಕೋಡ್ ಬರೆದು ಕಳಿಸಿದರೆ? ಪ್ಲಗಿನ್‌ನಲ್ಲಿ ದೋಷವಿದ್ದರೆ, ಕಚೇರಿಯಲ್ಲಿ ಆ ಅರ್ಜಿ ತೆರೆದವರ ಬ್ರೌಸರ್‌ನಲ್ಲಿ, ಅವರದೇ ಲಾಗಿನ್‌ನಲ್ಲಿ ಕೋಡ್ ಓಡುತ್ತದೆ. ನಮ್ಮೆಲ್ಲರ ಮೊಬೈಲ್ ನಂಬರ್, ಅಂಕಗಳು ಕಳ್ಳರ ಪಾಲಾಗಬಹುದು.

ಇದಕ್ಕೆ ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್ ಎಂದು ಹೆಸರು. 2005ರ ಅಕ್ಟೋಬರ್‌ನಲ್ಲಿ ಇಂಥದೇ ಒಂದು ಕೋಡ್ ಮೈಸ್ಪೇಸ್ ಜಾಲತಾಣದಲ್ಲಿ ಸುಮಾರು 20 ಗಂಟೆಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ ಹರಡಿತ್ತು.

ತಡೆಯುವುದು ಹೇಗೆ? ಹೊರಗಿನವರು ಬರೆದದ್ದು ಪರದೆಯ ಮೇಲೆ ಬರೀ ಅಕ್ಷರವಾಗಿ ಕಾಣಬೇಕು, ಆಜ್ಞೆಯಾಗಿ ಓಡಬಾರದು. ಪ್ಲಗಿನ್‌ಗೆ ಅಪ್‌ಡೇಟ್ ಬಂದಾಗ ತಡಮಾಡದೆ ಹಾಕಬೇಕು. ಬಳಸದ ಪ್ಲಗಿನ್ ತೆಗೆದುಹಾಕಬೇಕು.

ನಾಳೆ ಕುರುಗೋಡಿನ ಅಂಗಡಿಗೋ ಶಾಲೆಗೋ ವೆಬ್‌ಸೈಟ್ ಮಾಡಿಕೊಡುವವರು ನಮ್ಮಲ್ಲೇ ಇರಬಹುದು. ಇದನ್ನು ಮರೆಯದಿರೋಣ.